ಮರುಭೂಮಿಯ ಟ್ಯಾಂಕಿಗೆ ನೀಲಿ ಪಟ್ಟೆ ಇತ್ತೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ವಾರಾಣಸಿಯ ಹನುಮಾನ್ ಘಾಟಿನ ಹತ್ತಿರ ಬಂದು ನೆಲೆಸಿ ಬಹಳ ವರ್ಷವಾಯಿತು. ಹತ್ತನೇ ತರಗತಿಯಲ್ಲಿರುವ ಮಗಳು ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್ ಮಟಿಲ್ಡಾದ 1/35 ಅಳತೆಯ ಮಾದರಿಯನ್ನು ಜೋಡಿಸಿ ಮುಗಿಸಿದ್ದಾಳೆ. ಬಣ್ಣ ಬಳಿಯುವ ಹೊತ್ತಿಗೆ ಕೈ ಕಟ್ಟಿ ಕೂತಿದ್ದಾಳೆ. ಪೆಟ್ಟಿಗೆಯಲ್ಲಿ ಬಂದ ಹಾಳೆ ಮರಳು, ಆಕಾಶನೀಲಿ, ಕಡುಬೂದು ಪಟ್ಟೆಗಳನ್ನು ತೋರಿಸುತ್ತದೆ. ಒಂದು ಪುಸ್ತಕದಲ್ಲಿ ಬರೀ ಮರಳುಬಣ್ಣದ ಟ್ಯಾಂಕು, ಇನ್ನೊಂದರಲ್ಲಿ ಗುಲಾಬಿ! ಯಾವುದು ನಿಜ? ಇಲ್ಲಿನ ಕಂಟೋನ್ಮೆಂಟಿನಲ್ಲಿ ಗೂರ್ಖಾ ತರಬೇತಿ ಕೇಂದ್ರವಿದೆ. ಗೂರ್ಖಾಗಳೂ ಆ ಮರುಭೂಮಿಯಲ್ಲಿ ಹೋರಾಡಿದ್ದರಂತೆ. ಅವರ ಜೊತೆಗಿದ್ದ ಟ್ಯಾಂಕನ್ನೇ ಮಾಡಬೇಕೆಂದು ಅವಳ ಆಸೆ. ದಾರಿ ತೋರಿಸುವಿರಾ?

ಉತ್ತರ: ಮರಳುಬಣ್ಣ ನಿಜ, ಗುಲಾಬಿಯೂ ನಿಜ, ಮೂರು ಬಣ್ಣದ ಪಟ್ಟೆಯೂ ನಿಜ. ಆಕಾಶನೀಲಿ ಮಾತ್ರ ಸುಳ್ಳು.

ಉಳಿದವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎನ್ನುವ ಮೊದಲು ನಿಮ್ಮ ಮಗಳಿಗೆ ನನ್ನದೊಂದು ಪ್ರಶ್ನೆ: ನಿನ್ನ ಟ್ಯಾಂಕು ಯಾವ ವರ್ಷದ್ದು, ಯಾವ ತಿಂಗಳಿನದು? ಉತ್ತರ ಆಫ್ರಿಕಾದ ಕದನ ನಡೆದದ್ದು 1940ರ ಜೂನ್‌ನಿಂದ 1943ರ ಮೇವರೆಗೆ, ಮೂರು ವರ್ಷಕ್ಕೂ ಕಡಿಮೆ. ಅಷ್ಟರೊಳಗೆ ಬಣ್ಣದ ಆದೇಶ ಮತ್ತೆ ಮತ್ತೆ ಬದಲಾಯಿತು. ‘ಮರುಭೂಮಿಯ ಬ್ರಿಟಿಷ್ ಟ್ಯಾಂಕಿನ ಬಣ್ಣ ಯಾವುದು’ ಎಂದು ಕೇಳುವುದು ‘ಗಂಗೆಯ ನೀರಿನ ಬಣ್ಣ ಯಾವುದು’ ಎಂದು ಕೇಳಿದ ಹಾಗೆ. ಮಾಘದಲ್ಲಿ ಒಂದು, ಶ್ರಾವಣದಲ್ಲಿ ಒಂದು. ಘಾಟಿನ ಪಕ್ಕದಲ್ಲೇ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಟಿಲ್ಡಾ ಎಂದಾಗ ಕೆಲಸ ಅರ್ಧ ಹಗುರವಾಗುತ್ತದೆ. ಮರುಭೂಮಿಯ ಕಾಳಗದಲ್ಲಿ ಅದು ಮೆರೆದದ್ದು 1940ರ ಡಿಸೆಂಬರಿನಿಂದ 1942ರ ನಡುವಿನವರೆಗೆ. ಆಮೇಲೆ ಅದನ್ನು ಹಿಂದಕ್ಕೆ ಸರಿಸಿದರು. 1942ರ ಅಕ್ಟೋಬರಿನ ಎಲ್ ಅಲಮೇನ್ ಯುದ್ಧದ ಹೊತ್ತಿಗೆ ನೆಲಬಾಂಬುಗಳನ್ನು ಸರಪಳಿಯಿಂದ ಬಡಿದು ಸಿಡಿಸುವ ‘ಸ್ಕಾರ್ಪಿಯನ್’ ಯಂತ್ರವಾಗಿ ಮಾತ್ರ ಅದು ಮುಂದಿನ ಸಾಲಿನಲ್ಲಿ ಉಳಿದಿತ್ತು. ಹಾಗಾಗಿ ಫಿರಂಗಿ ಹೊತ್ತ ಸಾಮಾನ್ಯ ಮಟಿಲ್ಡಾಕ್ಕೆ ಗುಲಾಬಿ ಸಲ್ಲುವುದಿಲ್ಲ. ಗುಲಾಬಿ ಬಂದದ್ದೇ ಆ ಅಕ್ಟೋಬರಿನಲ್ಲಿ.

ಮೊದಲು ಪಟ್ಟೆಗಳ ಕಥೆ ಹೇಳುತ್ತೇನೆ, ನಿಮ್ಮ ಪೆಟ್ಟಿಗೆಯ ಹಾಳೆ ಎಡವಿರುವುದು ಅಲ್ಲೇ. ಈ ಪಟ್ಟೆಗೆ ಮಾದರಿ ಮಾಡುವವರು ‘ಕಾಂಟರ್ ಪಟ್ಟೆ’ ಎನ್ನುತ್ತಾರೆ. ಈಜಿಪ್ಟಿನಲ್ಲಿ 4ನೇ ಆರ್ಮರ್ಡ್ ಬ್ರಿಗೇಡನ್ನು ನಡೆಸಿದ ಬ್ರಿಗೇಡಿಯರ್ ಜೆ.ಎ.ಎಲ್. ಕಾಂಟರ್ ಹೆಸರು ಅದಕ್ಕೆ ಅಂಟಿಕೊಂಡಿತು. ಮರೆಯಾಗುವುದು ಈ ಮನುಷ್ಯನಿಗೆ ಹೊಸ ವಿದ್ಯೆಯಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದು, 1918ರಲ್ಲಿ ಆ ಅನುಭವವನ್ನೇ ‘ಹದಿಮೂರು ದಿನಗಳು’ ಎಂಬ ಅರ್ಥದ ಹೆಸರಿಟ್ಟು ಪುಸ್ತಕ ಮಾಡಿದವನು. 1940ರ ಜುಲೈನಲ್ಲಿ ಹೊರಟ ಸೇನಾ ಆದೇಶ ಈ ಪಟ್ಟೆಗಳನ್ನು ಅಧಿಕೃತ ಮಾಡಿತು. ಮೂರು ಬಣ್ಣ, ನೇರವಾದ ಅಂಚು, ಓರೆಯಾಗಿ ಹಾಯುವ ಅಗಲ ಪಟ್ಟಿಗಳು. ಮಟಿಲ್ಡಾಕ್ಕೆ ಒಂದು ನಕ್ಷೆ, ಲೈಟ್ ಟ್ಯಾಂಕಿಗೆ ಇನ್ನೊಂದು, ಕ್ರೂಸರ್ ಟ್ಯಾಂಕುಗಳಿಗೆ ಬೇರೆ ಬೇರೆ. ಬಣ್ಣದಿಂದಲೇ ಟ್ಯಾಂಕನ್ನು ಮಾಯ ಮಾಡುವ ಭ್ರಮೆ ಅದರಲ್ಲಿ ಇರಲಿಲ್ಲ. ಬಟ್ಟಬಯಲಿನಲ್ಲಿ ಇಪ್ಪತ್ತೇಳು ಟನ್ ಉಕ್ಕು ಎಲ್ಲಿ ತಾನೆ ಅಡಗೀತು? ದೂರದಿಂದ ಗುರಿಯಿಡುವವನಿಗೆ ಇದರ ಮೂತಿ ಯಾವ ಕಡೆ, ಬದಿ ಯಾವ ಕಡೆ, ಎತ್ತ ಹೊರಟಿದೆ ಎಂಬುದು ಕ್ಷಣಹೊತ್ತು ತಿಳಿಯದಂತೆ ಮಾಡಿದರೆ ಸಾಕಿತ್ತು. ಆ ಒಂದು ಕ್ಷಣದಲ್ಲಿ ಒಳಗಿರುವ ನಾಲ್ವರ ಜೀವ ಉಳಿಯಬಹುದು.

ಆ ಮೂರು ಬಣ್ಣಗಳ ಹೆಸರು ಅಂಕಿಯ ಸಮೇತ ದಾಖಲೆಯಲ್ಲಿವೆ. ಬ್ರಿಟನ್ನಿನ ಬಣ್ಣಗಳ ಮಾನಕಪಟ್ಟಿಯಲ್ಲಿ ಲೈಟ್ ಸ್ಟೋನ್ 61, ಸಿಲ್ವರ್ ಗ್ರೇ 28, ಸ್ಲೇಟ್ 34. ಲೈಟ್ ಸ್ಟೋನಿಗೆ ಬದಲಾಗಿ ಪೋರ್ಟ್‌ಲ್ಯಾಂಡ್ ಸ್ಟೋನ್ 64 ಕೂಡ ನಡೆಯುತ್ತಿತ್ತು. ಆಮೇಲೆ ಪಟ್ಟಿ ಪರಿಷ್ಕಾರವಾದಾಗ ಅಂಕಿಗಳ ಎಡಕ್ಕೆ ಇನ್ನೊಂದು ಅಂಕಿ ಸೇರಿ 361, 628, 634, 364 ಆದವು. ಈ ಮೂರಂಕಿಯ ಬಣ್ಣಗಳು ಬಿಎಸ್ 381ಸಿ ಎಂಬ ಪಟ್ಟಿಯಲ್ಲಿ ಇಂದಿಗೂ ಸಿಗುತ್ತವೆ. ಕಾರ್ಖಾನೆಗಳಿಗೆ ಪೇಂಟ್ ಕೊಡುವ ದೊಡ್ಡ ಅಂಗಡಿಯಲ್ಲಿ ವಿಚಾರಿಸಿ. ಆ ಪಟ್ಟಿಯ ಕಾರ್ಡು ಇದ್ದರೆ ಅರ್ಧ ಗಂಟೆ ಕೂತು ನೋಡಲು ಬಿಡುತ್ತಾರೆ. ಕೊಳ್ಳಬೇಕಿಲ್ಲ, ಕಣ್ಣಿಗೆ ಅಳತೆ ಸಿಕ್ಕರೆ ಸಾಕು.

ಎರಡು ಬಣ್ಣದ ಹೆಸರು ಕಟ್ಟಡದ ಕಲ್ಲಿನಿಂದ, ಇನ್ನೊಂದರದು ಚಾವಣಿಗೆ ಹೊದಿಸುವ ಸ್ಲೇಟ್ ಕಲ್ಲಿನಿಂದ. ಇಷ್ಟು ಓದಿದಾಗಲೇ ನನಗೆ ನಿಮ್ಮ ಘಾಟು ನೆನಪಾಯಿತು. ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟು ನಿಮ್ಮ ಮನೆಗೆ ಕೂಗಳತೆಯಲ್ಲಿದೆ. ಕಾಶಿಯ ಘಾಟುಗಳಿಗೆ ಬಳಸಿದ್ದು ಮುಖ್ಯವಾಗಿ ಚುನಾರಿನ ಮರಳುಗಲ್ಲು, ಸಾರನಾಥದ ಸಿಂಹಶಿಖರವನ್ನು ಕೆತ್ತಿದ್ದೂ ಅದರಲ್ಲೇ. ನೀರು ಮುಟ್ಟದ, ಯಾರೂ ಬಣ್ಣ ಬಳಿಯದ ಮೇಲಿನ ಮೆಟ್ಟಿಲೊಂದನ್ನು ಹುಡುಕಿ, ಒಣಬಟ್ಟೆಯಿಂದ ಧೂಳು ಒರೆಸಿ, ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ನೋಡಲು ಮಗಳಿಗೆ ಹೇಳಿ. ಕೆನೆಯೂ ಅಲ್ಲ, ಹಳದಿಯೂ ಅಲ್ಲ, ಹಳೆಯ ಹುಲ್ಲಿನ ಛಾಯೆ ಇರುವ ಒಂದು ತಿಳಿಬಣ್ಣ ಕಾಣುತ್ತದೆ. ಲೈಟ್ ಸ್ಟೋನ್ ಅದರ ಪಡಿಯಚ್ಚಲ್ಲ, ಆದರೆ ಹತ್ತಿರದ ಬಂಧು. ಮಾದರಿ ಮಾಡುವವರು ಈ ಬಣ್ಣವನ್ನು ಹೆಚ್ಚಾಗಿ ಕಂದು ಮಾಡಿ ಕೆಡಿಸುತ್ತಾರೆ. ಕಲ್ಲನ್ನು ಕಣ್ಣಲ್ಲಿ ಇಟ್ಟುಕೊಂಡವರು ಹಾಗೆ ಕೆಡಿಸುವುದಿಲ್ಲ.

ಇನ್ನು ನೀಲಿಯ ವಿಷಯ. ಇದರಲ್ಲಿ ನಾನೂ ಮೋಸ ಹೋದವನು. ನನ್ನ ಮೊದಲ ಮಟಿಲ್ಡಾಕ್ಕೆ ಪೆಟ್ಟಿಗೆಯ ಹಾಳೆಯನ್ನು ನಂಬಿ ಅಚ್ಚ ಆಕಾಶನೀಲಿ ಪಟ್ಟೆ ಎಳೆದು, ವರ್ಷಗಟ್ಟಲೆ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೆ. ಆದೇಶದಲ್ಲಿ ನೀಲಿಯ ಹೆಸರೇ ಇಲ್ಲ ಎಂದು ತಿಳಿದ ದಿನ ತುಂಬ ಬೇಸರವಾಯಿತು. ದುಡ್ಡು, ಹೊತ್ತು ಹೋದದ್ದಕ್ಕಲ್ಲ. ಅದನ್ನು ನೋಡಿ ಹೋದ ಮಕ್ಕಳಿಗೆಲ್ಲ ಸುಳ್ಳು ತೋರಿಸಿದೆನಲ್ಲ ಎಂದು.

ನೀಲಿ ಬಂದದ್ದು ಹೇಗೆ? ಯುದ್ಧ ಮುಗಿದು ದಶಕಗಳು ಕಳೆದ ಮೇಲೆ ಬ್ರಿಟನ್ನಿನಲ್ಲಿ ಉಳಿದ ಟ್ಯಾಂಕುಗಳಿಗೆ ಹೊಸದಾಗಿ ಬಣ್ಣ ಹಚ್ಚುವಾಗ ನಡುವಿನ ಬೂದು ನೀಲಿಯ ಕಡೆ ವಾಲಿತು. ಬಣ್ಣದ ಚಿತ್ರ ತೆಗೆದವರೂ ಮಾದರಿಯ ಪೆಟ್ಟಿಗೆ ತಯಾರಿಸಿದವರೂ ಅದನ್ನೇ ಪ್ರಮಾಣವೆಂದು ಹಿಡಿದರು. ಬ್ರಿಟಿಷ್ ಸೇನೆಯ ಬಣ್ಣಗಳ ಮೇಲೆ ವರ್ಷಾನುಗಟ್ಟಲೆ ದುಡಿದ ಮೈಕ್ ಸ್ಟಾರ್ಮರ್ ಹಳೆಯ ಆದೇಶಗಳನ್ನೂ ಮಾನಕಪಟ್ಟಿಯನ್ನೂ ಎದುರುಬದುರು ಇಟ್ಟು, ಆ ನಡುವಿನ ಬಣ್ಣ ಹಸಿರು ಛಾಯೆಯ ಬೂದು ಎಂದು ತೋರಿಸಿದರು. ಇಂದು ಎಚ್ಚರಿಕೆಯಿಂದ ಕೆಲಸ ಮಾಡುವವರೆಲ್ಲ ಒಪ್ಪುವುದು ಅದನ್ನೇ.

ನಮ್ಮ ಕಣ್ಣಿನದೂ ಇದರಲ್ಲಿ ಪಾಲಿದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅರಿಸಿನದ ಬಟ್ಟೆಯೊಂದನ್ನು ಹಾಸಿ, ಅದರ ನಡುವೆ ಬೂದುಬಣ್ಣದ ಕಾಗದದ ಚೂರು ಇಟ್ಟು ಒಂದು ನಿಮಿಷ ನೋಡಿ. ಬೂದು ನೀಲಿಯ ಕಡೆಗೆ ತಿರುಗಿದಂತೆ ಅನ್ನಿಸುತ್ತದೆ. ಅದೇ ಚೂರನ್ನು ಬಿಳಿಗೋಡೆಯ ಮೇಲೆ ಹಿಡಿದರೆ ನೀಲಿ ಹೋಗಿ ಬೂದು ಉಳಿಯುತ್ತದೆ. ಹಳದಿ ತನ್ನ ಪಕ್ಕದ ಬೂದನ್ನು ನೀಲಿಯತ್ತ ತಳ್ಳುತ್ತದೆ. ತಿಳಿಹಳದಿ ಕಲ್ಲುಬಣ್ಣದ ಪಕ್ಕ ಸಿಲ್ವರ್ ಗ್ರೇ ಪಟ್ಟೆ ಇದ್ದಾಗಲೂ ಆಗುವುದು ಇದೇ. ಕಣ್ಣೇ ಸೇರಿಸಿಕೊಳ್ಳುವ ನೀಲಿಯ ಮೇಲೆ ಡಬ್ಬಿಯ ನೀಲಿಯನ್ನೂ ಸುರಿದರೆ ಟ್ಯಾಂಕು ಆಟದ ಸಾಮಾನಿನಂತೆ ಕಾಣುತ್ತದೆ.

ಆ ಕಾಲದ ಫೋಟೊಗಳು ಈ ತಪ್ಪನ್ನು ಏಕೆ ತಿದ್ದಲಿಲ್ಲ ಎಂದು ಮಗಳು ಕೇಳಬಹುದು. ಅವುಗಳಲ್ಲಿ ಹೆಚ್ಚಿನವು ಕಪ್ಪುಬಿಳುಪು. ಅವು ಹೇಳುವುದು ಯಾವ ಪಟ್ಟೆ ತಿಳಿ, ಯಾವುದು ಕಡು ಎಂಬುದನ್ನು ಮಾತ್ರ. ನಡುಮಟ್ಟದ ಬೂದು, ನಡುಮಟ್ಟದ ನೀಲಿ ಎರಡೂ ಅದರಲ್ಲಿ ಒಂದೇ. ಬಣ್ಣದ ಹೆಸರಿಗೆ ಆದೇಶದ ಕಾಗದವನ್ನೂ, ಪಟ್ಟೆ ಎಲ್ಲಿ ತಿರುಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಫೋಟೊವನ್ನೂ ನಂಬಬೇಕು.

ಈಗ ಮಗಳ ಆಸೆಗೆ ಬರೋಣ. ವಾರಾಣಸಿಯ ಕಂಟೋನ್ಮೆಂಟಿನಲ್ಲಿರುವುದು 39 ಗೂರ್ಖಾ ತರಬೇತಿ ಕೇಂದ್ರ. 3 ಮತ್ತು 9ನೇ ಗೂರ್ಖಾ ರೈಫಲ್ಸ್‌ನ ಯೋಧರು ತಯಾರಾಗುವುದು ಅಲ್ಲಿ. ಇವರಲ್ಲಿ 9ನೇ ಗೂರ್ಖಾ ರೈಫಲ್ಸ್‌ನ 1ನೇ ಬೆಟಾಲಿಯನ್ 4ನೇ ಭಾರತೀಯ ಡಿವಿಜನ್ ಜೊತೆ ಟ್ಯುನೀಸಿಯದಲ್ಲಿತ್ತು. 1943ರ ಏಪ್ರಿಲ್ 5ರ ರಾತ್ರಿ ಆ ಡಿವಿಜನ್ ವಾದಿ ಅಕಾರಿತ್ ಎಂಬಲ್ಲಿ ಗುಡ್ಡಗಳನ್ನು ಕತ್ತಲಲ್ಲೇ ಹತ್ತಿತು. 2ನೇ ಗೂರ್ಖಾ ರೈಫಲ್ಸ್‌ನ ಸುಬೇದಾರ್ ಲಾಲ್‌ಬಹಾದುರ್ ಥಾಪಾ ಕುಕ್ರಿ ಹಿಡಿದು ಕಡಿದಾದ ಓಣಿಯಲ್ಲಿ ದಾರಿ ಬಿಡಿಸಿ, ವಿಕ್ಟೋರಿಯಾ ಕ್ರಾಸ್ ಪಡೆದದ್ದು ಅದೇ ರಾತ್ರಿ. ಆ ಕಲ್ಲುಗುಡ್ಡದ ಮೇಲೆ ಟ್ಯಾಂಕು ಹತ್ತುವ ಮಾತಿರಲಿಲ್ಲ. ಕೆಳಗಿನ ಬಯಲಿನಲ್ಲಿ ಇದ್ದವು ವ್ಯಾಲೆಂಟೈನ್, ಶರ್ಮನ್‌ಗಳು. ಮಟಿಲ್ಡಾದ ಕಾಲ ಆಗಲೇ ಮುಗಿದಿತ್ತು.

ಹಾಗಾಗಿ ನಿಮ್ಮೂರಿನ ಗೂರ್ಖಾಗಳ ನೆನಪಿಗೆ ಟ್ಯಾಂಕು ಮಾಡಬೇಕೆಂದರೆ ಅವಳ ಮುಂದಿನ ಮಾದರಿ ವ್ಯಾಲೆಂಟೈನ್ ಆಗಲಿ. ಗುಲಾಬಿ ಬಣ್ಣಕ್ಕೆ ಜಾಗ ಸಿಗುವುದು ಅಲ್ಲೇ. 1942ರ ಅಕ್ಟೋಬರಿನ ಆದೇಶ ತಳಬಣ್ಣಕ್ಕೆ ಇಟ್ಟ ಹೆಸರು ‘ಡೆಸರ್ಟ್ ಪಿಂಕ್’. ಅದರ ಮೇಲೆ ಕಡು ಆಲಿವ್ ಹಸಿರಿನ, ಬಾಗಿದ ಅಂಚಿನ ದೊಡ್ಡ ತೇಪೆಗಳು. ಹಸಿರು ಸಿಗದ ಕಡೆ ಕಪ್ಪು, ಕಡುಕಂದು, ಸ್ಲೇಟ್ ಬಣ್ಣಗಳೂ ನಡೆದವು. ಗುಲಾಬಿ ಎಂದಾಕ್ಷಣ ರೋಜಾಹೂವಿನ ಬಣ್ಣ ಎಂದುಕೊಳ್ಳಬಾರದು. ಗೋಧಿಹಿಟ್ಟಿಗೆ ಚಿಟಿಕೆ ಕೆಮ್ಮಣ್ಣು ಬೆರೆಸಿದರೆ ಬರುವ ಮಾಸಲು ಬಣ್ಣ ಅದು. ಜನರ ಬಾಯಲ್ಲಿರುವ ಅಚ್ಚ ಗುಲಾಬಿ 1968ರ ನಂತರದ ಎಸ್‌ಎಎಸ್ ಪಡೆಯ ಲ್ಯಾಂಡ್ ರೋವರ್ ಜೀಪುಗಳದ್ದು. ಅದನ್ನು ಇಲ್ಲಿಗೆ ಎಳೆದು ತರುವುದು ಬೇಡ.

ಟ್ಯುನೀಸಿಯದಲ್ಲಿ ಇನ್ನೊಂದು ತೊಡಕೂ ಇದೆ. 1942ರ ನವೆಂಬರಿನಲ್ಲಿ ಪಶ್ಚಿಮದ ಕಡೆಯಿಂದ ಇಳಿದ ಬ್ರಿಟಿಷ್ 1ನೇ ಸೇನೆಯ ಟ್ಯಾಂಕುಗಳು ಇಂಗ್ಲೆಂಡಿನ ಕಂದು, ಹಸಿರು ಬಣ್ಣದಲ್ಲೇ ಬಂದವು. ಆಫ್ರಿಕಾ ಎಂದರೆ ಮರಳುಬಣ್ಣ ಎಂದು ಕಣ್ಣುಮುಚ್ಚಿ ಬಳಿದರೆ ಅಲ್ಲಿ ತಪ್ಪುತ್ತೇವೆ.

ಈಗ ಕೈಯಲ್ಲಿರುವ ಮಟಿಲ್ಡಾಕ್ಕೂ ನಮ್ಮವರ ಜೊತೆ ಗಟ್ಟಿಯಾದ ನಂಟಿದೆ. ಆ ನಂಟಿನ ದಿನವನ್ನೇ ಅವಳು ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ: 1940ರ ಡಿಸೆಂಬರ್ 9, ಸೋಮವಾರ ಬೆಳಗಿನ ಜಾವ, ಈಜಿಪ್ಟಿನ ನಿಬೇವಾ. ಇಟಲಿಯ ಸೇನೆ ಗಡಿ ದಾಟಿ ಬಂದು ಸಿದಿ ಬರ್ರಾನಿಯ ಸುತ್ತ ಶಿಬಿರಗಳನ್ನು ಹೂಡಿತ್ತು. ಅದರಲ್ಲೊಂದು ನಿಬೇವಾ. ರಾಯಲ್ ಟ್ಯಾಂಕ್ ರೆಜಿಮೆಂಟಿನ 7ನೇ ಬೆಟಾಲಿಯನ್ನಿನ ಮಟಿಲ್ಡಾಗಳು ಶಿಬಿರದ ಹಿಂಬದಿಯಿಂದ ಸುತ್ತಿ ಬಂದು ನುಗ್ಗಿದವು. ಅವುಗಳ ಬೆನ್ನಿಗೇ ನುಗ್ಗಿದ್ದು 4ನೇ ಭಾರತೀಯ ಡಿವಿಜನ್ನಿನ 11ನೇ ಬ್ರಿಗೇಡ್: ಸ್ಕಾಟ್ಲೆಂಡಿನ ಕ್ಯಾಮರನ್ ಹೈಲ್ಯಾಂಡರ್ಸ್, ನಮ್ಮ ರಜಪುತಾನಾ ರೈಫಲ್ಸ್‌ನ 1ನೇ ಬೆಟಾಲಿಯನ್. ಇಟಲಿಯವರ ಟ್ಯಾಂಕ್ ನಿರೋಧಕ ಗುಂಡುಗಳು 78 ಮಿಲಿಮೀಟರ್ ದಪ್ಪದ ಮುಂಭಾಗಕ್ಕೆ ತಗುಲಿ ಪುಟಿದು ಬಿದ್ದವು. ಅಲ್ಲಿ ನಿಂತಿದ್ದ ಅವರ ಟ್ಯಾಂಕುಗಳು ಹೊರಡುವ ಮೊದಲೇ ಹಾಳಾದವು. ಆ ದಿನವೇ ಪಕ್ಕದ ತುಮ್ಮಾರ್ ಶಿಬಿರದ ಮೇಲೂ ದಾಳಿ ನಡೆಯಿತು.

ಆ ಡಿವಿಜನ್ನಿಗೆ ದಾರಿ ಮಾಡಿಕೊಡುವ, ನೆಲಬಾಂಬು ತೆಗೆಯುವ ಎಂಜಿನಿಯರ್ ಪಡೆಗಳಲ್ಲಿ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಒಂದು. ಅದರ ಮನೆ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ಮಗಳು ಮಾಡುತ್ತಿರುವುದು ಪರದೇಶದ ಯಂತ್ರ ಎಂದು ಯಾರಾದರೂ ಅಂದರೆ ಇದನ್ನು ಹೇಳಿ.

ಡಿಸೆಂಬರ್ 1940 ಎಂದು ಗೊತ್ತು ಮಾಡಿಕೊಂಡ ಮೇಲೆ ಉಳಿದದ್ದೆಲ್ಲ ತಾನಾಗಿ ಬಗೆಹರಿಯುತ್ತದೆ. ಬಣ್ಣ ಕಾಂಟರ್ ಪಟ್ಟೆ. ಪೆಟ್ಟಿಗೆಯ ಅಂಟುಚೀಟಿಗಳಲ್ಲಿ ಬಿಳಿ, ಕೆಂಪು, ಬಿಳಿ ಪಟ್ಟಿಯ ಗುರುತು ಇದ್ದರೆ ಅದನ್ನು ಮುಟ್ಟಬೇಡಿ. ನಮ್ಮ ಟ್ಯಾಂಕು ಯಾವುದು ಎಂದು ನಮ್ಮವರಿಗೇ ಗೊತ್ತಾಗಲೆಂದು ಅದನ್ನು ಬಳಿದದ್ದು 1941ರ ನವೆಂಬರಿನ ದಾಳಿಯ ಹೊತ್ತಿಗೆ. ಅಷ್ಟರಲ್ಲಿ ಕಾಂಟರ್ ಪಟ್ಟೆಯನ್ನು ಕೈಬಿಟ್ಟು, ಬಹುಪಾಲು ಟ್ಯಾಂಕುಗಳನ್ನು ಬರೀ ಲೈಟ್ ಸ್ಟೋನಿನಲ್ಲಿ ಓಡಿಸುವ ಕಾಲ ಬರುತ್ತಿತ್ತು. ನಿಮ್ಮ ಪುಸ್ತಕದ ಬರೀ ಮರಳುಬಣ್ಣದ ಟ್ಯಾಂಕು ಆ ಕಾಲದ್ದು.

ಹೆಸರು ಬರೆಯುವ ಆಸೆ ಇದ್ದರೆ ಒಂದು ನಿಯಮವಿದೆ. ರಾಯಲ್ ಟ್ಯಾಂಕ್ ರೆಜಿಮೆಂಟಿನ ಬೆಟಾಲಿಯನ್ನುಗಳು ತಮ್ಮ ಟ್ಯಾಂಕುಗಳಿಗೆ ಇಂಗ್ಲಿಷ್ ವರ್ಣಮಾಲೆಯ ಲೆಕ್ಕದಲ್ಲಿ ಹೆಸರಿಡುತ್ತಿದ್ದವು. 4ನೆಯದಕ್ಕೆ ‘ಡಿ’, 7ನೆಯದಕ್ಕೆ ‘ಜಿ’. ನಿಬೇವಾದ ಟ್ಯಾಂಕಿಗೆ ‘ಗೇಮ್‌ಕಾಕ್’ ಎಂದು ಬರೆದರೆ ಸರಿ, ‘ಡಿಫಯನ್ಸ್’ ಎಂದು ಬರೆದರೆ ತಪ್ಪು. ಸ್ಕ್ವಾಡ್ರನ್ ಗುರುತಿಗೆ ‘ಎ’ ಆದರೆ ತ್ರಿಕೋನ, ‘ಬಿ’ ಆದರೆ ಚೌಕ, ‘ಸಿ’ ಆದರೆ ವೃತ್ತ. ಹಿಂಗಾಲಲ್ಲಿ ಜಿಗಿಯುವ ಜರ್ಬೋವಾ ಇಲಿಯ ಚಿತ್ರ 7ನೇ ಆರ್ಮರ್ಡ್ ಡಿವಿಜನ್ನಿನದು. ನಿಬೇವಾದ ಮಟಿಲ್ಡಾಗಳು ಭಾರತೀಯ ಡಿವಿಜನ್ನಿನ ಜೊತೆಗಿದ್ದವು, ಅದಕ್ಕೇ ಅದನ್ನೂ ಅಂಟಿಸುವುದು ಬೇಡ.

ನಿಬೇವಾ ಮುಗಿಯುತ್ತಿದ್ದಂತೆ ಆ ಡಿವಿಜನ್ ಸುಡಾನ್ ದಾರಿಯಾಗಿ ಎರಿಟ್ರಿಯಕ್ಕೆ ಹೋಯಿತು. ಕೆರೆನ್ ಬೆಟ್ಟಗಳಲ್ಲಿ ವಾರಗಟ್ಟಲೆ ಕಾದಾಡಿ, 5ನೇ ಭಾರತೀಯ ಡಿವಿಜನ್ನಿನೊಂದಿಗೆ 1941ರ ಮಾರ್ಚ್ 27ರಂದು ಊರನ್ನು ಗೆದ್ದಿತು. ಅಲ್ಲಿಗೆ ಹೋದ 4ನೇ ಬೆಟಾಲಿಯನ್ನಿನ ಮಟಿಲ್ಡಾಗಳಿಗೆ ನೆಲಕ್ಕೆ ತಕ್ಕಂತೆ ಕೆನ್ನೀಲಿಗಂದು ಬಣ್ಣದ ಪಟ್ಟೆ ಸೇರಿತ್ತು. ಇನ್ನೊಂದು ಮಟಿಲ್ಡಾ ಮಾಡುವ ಉತ್ಸಾಹ ಬಂದರೆ ಅದನ್ನು ನೆನಪಿಡಲಿ. ಆ ಬಣ್ಣವನ್ನು ಮಾಡಿದವರನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ಕೈಕೆಲಸ. ಪರದೇಶದ ಮಾದರಿ ಬಣ್ಣಗಳ ಪುಟ್ಟ ಸೀಸೆಗಳು ದುಬಾರಿ, ಎಲ್ಲ ಊರಲ್ಲೂ ಸಿಗುವುದೂ ಇಲ್ಲ. ಚಿತ್ರ ಬರೆಯುವವರು ಬಳಸುವ ಅಕ್ರಿಲಿಕ್ ಟ್ಯೂಬುಗಳಲ್ಲೇ ಒಳ್ಳೆಯ ಕೆಲಸ ಆಗುತ್ತದೆ, ನಾನು ಮಾಡಿದ್ದೇನೆ. ಪ್ಲಾಸ್ಟಿಕ್ಕನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಮೊದಲು ತೆಳ್ಳಗೆ ಪ್ರೈಮರ್ ಹೊಡೆಯಿರಿ. ಅದಿಲ್ಲದೆ ಅಕ್ರಿಲಿಕ್ ಉಗುರು ತಾಗಿದರೂ ಸಿಪ್ಪೆಯಂತೆ ಎದ್ದು ಬರುತ್ತದೆ.

ಬಿಳಿ ಪಿಂಗಾಣಿ ತಟ್ಟೆಯಲ್ಲಿ ಬಣ್ಣ ಕಲಸಬೇಕು, ಸ್ಟೀಲ್ ತಟ್ಟೆಯಲ್ಲಿ ಬಣ್ಣದ ಅಂದಾಜು ಸಿಗುವುದಿಲ್ಲ. ಲೈಟ್ ಸ್ಟೋನಿಗೆ ಐದು ಪಾಲು ಬಿಳಿ, ಎರಡು ಪಾಲು ಯೆಲ್ಲೋ ಓಕರ್, ಕಡ್ಡಿಯ ತುದಿಯಷ್ಟು ಬರ್ನ್ಟ್ ಅಂಬರ್. ಸಿಲ್ವರ್ ಗ್ರೇಗೆ ನಾಲ್ಕು ಪಾಲು ಬಿಳಿ, ಒಂದು ಪಾಲಿಗೂ ಕಡಿಮೆ ಕಪ್ಪು, ಸ್ವಲ್ಪ ಸ್ಯಾಪ್ ಗ್ರೀನ್, ಒಂದು ಹನಿ ಓಕರ್. ಕಪ್ಪು ಬಿಳಿ ಮಾತ್ರ ಕಲಸಿದರೆ ಬರುವ ಬೂದು ತಣ್ಣಗೆ ನೀಲಿಗೆ ಜಾರುತ್ತದೆ, ಹಸಿರೂ ಓಕರೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಸ್ಲೇಟಿಗೆ ಕಪ್ಪೂ ಬಿಳಿಯೂ ಸಮ ಸಮ, ಹಸಿರು ಕಾಲು ಪಾಲು. ಇದು ನನ್ನ ಕೈಯ ಅಳತೆ. ಟ್ಯೂಬಿನಿಂದ ಟ್ಯೂಬಿಗೆ ಬಲ ಬೇರೆ ಇರುತ್ತದೆ, ಹಾಗಾಗಿ ಒಂದು ಕಾಗದದ ಮೇಲೆ ಬಳಿದು ಒಣಗಿಸಿ ನೋಡಿದ ಮೇಲೆಯೇ ಟ್ಯಾಂಕಿಗೆ ಕೈ ಹಾಕಬೇಕು. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಕಡು ಆಗುತ್ತದೆ.

ಮೂರನ್ನೂ ಮೂಲಕ್ಕಿಂತ ಒಂದು ಕೂದಲೆಳೆಯಷ್ಟು ತಿಳಿಯಾಗಿ ಇಟ್ಟುಕೊಳ್ಳಿ. ಐದೂವರೆ ಮೀಟರಿಗೂ ಚೂರು ಹೆಚ್ಚು ಉದ್ದದ ಟ್ಯಾಂಕು ಅವಳ ಮೇಜಿನ ಮೇಲೆ 16 ಸೆಂಟಿಮೀಟರ್ ಆಗಿದೆ. ಒಂದು ಮೀಟರ್ ದೂರದಿಂದ ಅದನ್ನು ನೋಡುವುದು ಬಯಲಿನಲ್ಲಿ 35 ಮೀಟರ್ ದೂರದಿಂದ ನೋಡಿದ್ದಕ್ಕೆ ಸಮ. ಅಷ್ಟು ದೂರದ ಗಾಳಿ, ಧೂಳು ಬಣ್ಣವನ್ನು ತಿಳಿ ಮಾಡುತ್ತವೆ. ಅಚ್ಚ ಬಣ್ಣವನ್ನೇ ಬಳಿದರೆ ಸಣ್ಣ ಮಾದರಿ ಭಾರವಾಗಿ, ಮಂಕಾಗಿ ಕಾಣುತ್ತದೆ.

ಮೊದಲು ಇಡೀ ಟ್ಯಾಂಕಿಗೆ ಲೈಟ್ ಸ್ಟೋನ್, ತೆಳುವಾಗಿ ಮೂರು ಸಲ. ಒಂದು ದಿನ ಬಿಡಿ. ಆಮೇಲೆ ಫಿರಂಗಿಯನ್ನು ನೇರ ಮುಂದಕ್ಕೆ ತಿರುಗಿಸಿ ಇಟ್ಟು, ಪೆನ್ಸಿಲಿನಿಂದ ಪಟ್ಟೆಯ ಗೆರೆಗಳನ್ನು ಹಾಕಿಕೊಳ್ಳಲಿ. ಎಡಬದಿಯ ಗೆರೆಯೇ ಬಲಬದಿಗೆ ಬರುವುದಿಲ್ಲ. ಎರಡೂ ಬದಿಯ ನಕ್ಷೆ ಬೇರೆ, ಎರಡಕ್ಕೂ ಹಳೆಯ ಫೋಟೊ ಎದುರಿಗಿರಲಿ. ಪಟ್ಟೆಯು ಟ್ಯಾಂಕಿನ ಪಕ್ಕದ ಕವಚ, ಅದರಲ್ಲಿನ ಮಣ್ಣು ಜಾರುವ ಕಿಂಡಿಗಳು, ಮೇಲಿನ ಗೋಪುರ, ಯಾವುದನ್ನೂ ಲೆಕ್ಕಿಸದೆ ಸೀದಾ ಹಾಯ್ದು ಹೋಗುತ್ತದೆ. ಆಕಾರದ ಅಂಚು ಬಂದಾಗ ಪಟ್ಟೆಯನ್ನು ನಿಲ್ಲಿಸಿಬಿಡುವುದು ಹೊಸಬರು ಮಾಡುವ ತಪ್ಪು. ಹಾಗೆ ಮಾಡಿದರೆ ಯಾವ ಆಕಾರವನ್ನು ಒಡೆಯಲು ಆ ಪಟ್ಟೆ ಹುಟ್ಟಿತೋ ಅದೇ ಎದ್ದು ಕಾಣುತ್ತದೆ.

ಮಾಸ್ಕಿಂಗ್ ಟೇಪಿನ ಅಂಚು ಅಂಗಡಿಯಲ್ಲಿ ಇದ್ದಷ್ಟು ದಿನ ಧೂಳು ತಿಂದಿರುತ್ತದೆ. ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಹೊಸ ಅಂಚು ಕತ್ತರಿಸಿಕೊಳ್ಳಬೇಕು. ಟೇಪು ಹಚ್ಚಿದ ಮೇಲೆ ಅದರ ಅಂಚಿಗೆ ಮತ್ತೆ ಒಮ್ಮೆ ಲೈಟ್ ಸ್ಟೋನನ್ನೇ ಸವರಿ ಒಣಗಿಸಿದರೆ ಸಂದುಗಳೆಲ್ಲ ಮುಚ್ಚುತ್ತವೆ, ಆಮೇಲೆ ಬಳಿದ ಬೂದು ಒಳಗೆ ನುಸುಳುವುದಿಲ್ಲ. ಕೈ ನಡುಗುತ್ತದೆ ಎಂದು ಹಿಂಜರಿದರೆ ಒಂದು ಸಂಜೆ ಅವಳನ್ನು ಖೋಜ್ವಾನ್ ಕಡೆ ಕರೆದುಕೊಂಡು ಹೋಗಿ. ನಮ್ಮ ಚನ್ನಪಟ್ಟಣದವರ ಹಾಗೆ ಮರದ ಆಟಿಕೆಗೆ ಅರಗಿನ ಬಣ್ಣ ಕೊಡುವ ಕುಶಲರು ಅಲ್ಲಿದ್ದಾರೆ. ಕುಂಚ ಹಿಡಿದ ಕೈಯ ಕಿರುಬೆರಳನ್ನು ಆಟಿಕೆಗೆ ಊರಿಕೊಂಡು ಗೆರೆ ಎಳೆಯುವುದನ್ನು ಹತ್ತು ನಿಮಿಷ ನೋಡಿದರೆ ಪುಸ್ತಕ ಕಲಿಸದ ಪಾಠ ಸಿಗುತ್ತದೆ.

ಸವೆತ, ಧೂಳು ತೋರಿಸುವಾಗ ಮಿತ ಇರಲಿ. ಈ ಮಟಿಲ್ಡಾಗಳು ಇಂಗ್ಲೆಂಡಿನಿಂದ ಹಡಗೇರಿ, ಆಫ್ರಿಕಾದ ದಕ್ಷಿಣ ತುದಿ ಸುತ್ತಿ, 1940ರ ಸೆಪ್ಟೆಂಬರ್ ಕೊನೆಗೆ ಈಜಿಪ್ಟಿಗೆ ಬಂದವು. ಮರುಭೂಮಿಯ ಬಣ್ಣ ಹತ್ತಿದ್ದು ಅಲ್ಲಿ. ಆದ್ದರಿಂದ ಮುಚ್ಚಳದ ಅಂಚಿನಲ್ಲಿ, ಸೈನಿಕರು ಕಾಲಿಡುವ ಜಾಗದಲ್ಲಿ ಬಣ್ಣ ಎದ್ದರೆ ಕೆಳಗೆ ಕಾಣಬೇಕಾದದ್ದು ಹಸಿರು. ಡಿಸೆಂಬರಿಗೆ ಆ ಬಣ್ಣ ಎರಡು ತಿಂಗಳಿನದು, ಹಳೆಯ ಗುಜರಿಯಂತೆ ತುಕ್ಕು ಹಚ್ಚಬಾರದು. ಒಣ ಮರಳು ಚಕ್ರದ ಸರಪಳಿಯನ್ನು ಉಜ್ಜಿ ಬೆಳ್ಳಗೆ ಹೊಳೆಯಿಸುತ್ತದೆ. ಕವಚದ ಕೆಳ ಅಂಚಿಗೆ, ಹಿಂಭಾಗಕ್ಕೆ ತಿಳಿ ಧೂಳನ್ನು ಒಣ ಕುಂಚದಿಂದ ಸವರಿದರೆ ಸಾಕು.

ರಜೆಯಲ್ಲಿ ಊರಿಗೆ ಬರುವಾಗ ಅಹಿಲ್ಯಾನಗರದಲ್ಲಿ (ಹಿಂದಿನ ಅಹಮದ್‌ನಗರ) ಇಳಿಯಲು ಸಾಧ್ಯವಾದರೆ ಅಲ್ಲಿನ ಟ್ಯಾಂಕ್ ವಸ್ತುಸಂಗ್ರಹಾಲಯ ನೋಡಿ, 1994ರಲ್ಲಿ ತೆರೆದದ್ದು. ಮಟಿಲ್ಡಾ, ವ್ಯಾಲೆಂಟೈನ್ ಎರಡೂ ಅಲ್ಲಿವೆ. ಬಣ್ಣವನ್ನು ಅಲ್ಲಿ ನಕಲು ಮಾಡಬೇಡಿ, ಬಯಲಿನಲ್ಲಿ ನಿಂತ ಟ್ಯಾಂಕುಗಳಿಗೆ ಕಾಪಾಡಲೆಂದು ಮತ್ತೆ ಮತ್ತೆ ಬಣ್ಣ ಬಳಿಯುವುದು ಎಲ್ಲ ಕಡೆಯೂ ಇದ್ದದ್ದೇ. ನೋಡಬೇಕಾದದ್ದು ಎರಕದ ಉಕ್ಕಿನ ಒರಟು ಮೈಯನ್ನು, ಬೆಸುಗೆಯನ್ನು, ಪಕ್ಕದ ಕವಚ ಎಲ್ಲಿ ಬಾಗುತ್ತದೆ ಎಂಬುದನ್ನು. ಕೈ ಸವರಲು ಬಿಟ್ಟರೆ ಇನ್ನೂ ಒಳ್ಳೆಯದು.

ಮೂರೂ ಬಣ್ಣ ಒಣಗಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಪ್ಪುಬಿಳುಪು ಮಾಡಿ, 1940ರ ಫೋಟೊದ ಪಕ್ಕ ಇಟ್ಟು ನೋಡಿ. ಕಲ್ಲುಬಣ್ಣ ಎಲ್ಲಕ್ಕಿಂತ ತಿಳಿ, ಬೂದು ನಡುವೆ, ಸ್ಲೇಟ್ ಎಲ್ಲಕ್ಕಿಂತ ಕಡು. ಈ ಮೂರರ ಅಂತರ ಎರಡೂ ಫೋಟೊಗಳಲ್ಲಿ ಹೊಂದಬೇಕು. ಹೊಂದಿದರೆ ಬೆಳಿಗ್ಗೆ ಟ್ಯಾಂಕನ್ನು ಘಾಟಿಗೆ ಒಯ್ದು, ಅವಳು ಮೊದಲು ಒರೆಸಿ ನೋಡಿದ ಅದೇ ಮೆಟ್ಟಿಲಿನ ಮೇಲೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಅರ್ಧ ಮುಚ್ಚಿ ನೋಡಲಿ. ತಿಳಿಬಣ್ಣದ ಭಾಗಗಳು ಕಲ್ಲಿನಲ್ಲಿ ಕರಗಿ, ಓರೆಯಾದ ಕಡುಪಟ್ಟೆಗಳು ಮಾತ್ರ ಉಳಿದು, ಮೂತಿ ಯಾವ ಕಡೆ ಎಂದು ತಕ್ಷಣ ಹೇಳಲಾಗದಿದ್ದರೆ ಕೆಲಸ ಸರಿಯಾಗಿದೆ. ಆಗಲೂ ನಡುವಿನ ಪಟ್ಟೆ ನೀಲಿಯಾಗಿ ಕಂಡರೆ, ತಟ್ಟೆಯಲ್ಲಿ ಉಳಿದ ಬೂದಿಗೆ ಇನ್ನೊಂದು ಹನಿ ಹಸಿರು ಸೇರಿಸಿ ಆ ಪಟ್ಟೆಯ ಮೇಲೆ ತೆಳ್ಳಗೆ ಮತ್ತೊಮ್ಮೆ ಸವರಲಿ.